ಚೈಕೊವ್‌ಸ್ಕಿಯ ಮೊದಲ ಪಿಯಾನೋ ಕಾನ್ಚೆರ್ಟೊ: ಮೂರು ಪಾಠಗಳನ್ನು ಬೇರ್ಪಡಿಸುವ ಸಮಗ್ರ ಮಾರ್ಗದರ್ಶಿ

ಪಿಯಾನೋ ವಾದಕರು ಅಂತರ್ಜಾಲದಿಂದ ಇಳಿಸಿಕೊಂಡ ಎರಡು-ಪಿಯಾನೋ ಪ್ರತಿಯಲ್ಲಿ (ಆರ್ಕೆಸ್ಟ್ರಾದ ಪಾಲನ್ನು ಎರಡನೆಯ ಪಿಯಾನೋಗೆ ಬರೆದದ್ದು) ತಿಂಗಳುಗಟ್ಟಲೆ ಅಭ್ಯಾಸ ಮಾಡಿರುತ್ತಾರೆ. ಆರ್ಕೆಸ್ಟ್ರಾದವರು ಬೇರೆ ಕಡೆಯಿಂದ ಪಾರ್ಟ್‌ಗಳನ್ನು, ಅಂದರೆ ಒಂದೊಂದು ವಾದ್ಯದ ಬಿಡಿ ಪ್ರತಿಗಳನ್ನು, ಬಾಡಿಗೆಗೆ ತಂದಿರುತ್ತಾರೆ. ಮೊದಲ ರಿಹರ್ಸಲ್‌ನಲ್ಲಿ ಒಂದನೆಯ, ಎರಡನೆಯ ಭಾಗಗಳು ಹೇಗೋ ಸಾಗುತ್ತವೆ. ಮೂರನೆಯ ಭಾಗದ ನಡುವೆ ಪಿಯಾನೋ ಒಂದು ಕಡೆ, ಆರ್ಕೆಸ್ಟ್ರಾ ಇನ್ನೊಂದು ಕಡೆ. ಯಾರೋ ಎಣಿಕೆ ತಪ್ಪಿದರು ಎಂದುಕೊಂಡು ಮತ್ತೆ ಮೊದಲಿನಿಂದ ಹಿಡಿಯುತ್ತಾರೆ, ಮತ್ತೆ ಅಲ್ಲೇ ನಿಲ್ಲುತ್ತಾರೆ. ಎಣಿಕೆ ಯಾರದೂ ತಪ್ಪಿಲ್ಲ. ಒಂದೇ ಕೃತಿಯ ಎರಡು ಬೇರೆ ಪಾಠಗಳು ಅವರ ಸ್ಟ್ಯಾಂಡ್‌ಗಳ ಮೇಲಿವೆ.

‘ಪಾಠ’ ಎಂಬ ಮಾತನ್ನು ಇಲ್ಲಿ ಹಳಗನ್ನಡ ಕಾವ್ಯಗಳನ್ನು ಸಂಪಾದಿಸುವವರು ಬಳಸುವ ಅರ್ಥದಲ್ಲೇ ಬಳಸಿದೆ. ಕೃತಿ ಒಂದು, ಅದು ನಮಗೆ ತಲುಪಿದ ರೂಪಗಳು ಹಲವು. ರಷ್ಯದ ಸಂಯೋಜಕ ಚೈಕೊವ್‌ಸ್ಕಿ ಪಿಯಾನೋ ಮತ್ತು ಆರ್ಕೆಸ್ಟ್ರಾಕ್ಕೆಂದು ಬರೆದ, ಬಿ-ಫ್ಲಾಟ್ ಮೈನರ್‌ನಲ್ಲಿರುವ ಈ ಕಾನ್ಚೆರ್ಟೊಗೆ (ಓಪಸ್ 23) ಅಚ್ಚಾದ ಮುಖ್ಯ ಪಾಠಗಳು ಮೂರು. ಅವನ್ನು ಬೇರ್ಪಡಿಸುವುದು ಕಷ್ಟವಲ್ಲ. ಆದರೆ ಹೆಚ್ಚಿನವರು ತಪ್ಪು ಕಡೆಯಿಂದ ಶುರು ಮಾಡುತ್ತಾರೆ: ಮುಖಪುಟ ನೋಡುತ್ತಾರೆ, ಇಸವಿ ನೋಡುತ್ತಾರೆ, ಅಲ್ಲಿಗೇ ತೀರ್ಮಾನಕ್ಕೆ ಬರುತ್ತಾರೆ. ಕೆಳಗಿನ ಹಂತಗಳ ಕ್ರಮ ಅದಕ್ಕೆ ತದ್ವಿರುದ್ಧ. ಕ್ರಮ ಬದಲಿಸಬೇಡಿ, ಏಕೆಂದರೆ ಪ್ರತಿ ಹಂತದ ಉತ್ತರ ಮುಂದಿನದಕ್ಕೆ ಬೇಕು.

## ಮೊದಲು ಜೋಡಿಸಿಕೊಳ್ಳಬೇಕಾದ್ದು

ನಿಮ್ಮ ಪಿಯಾನೋ ಪ್ರತಿ, ಆರ್ಕೆಸ್ಟ್ರಾದ ಪೂರ್ಣ ಸ್ಕೋರ್ (ಎಲ್ಲ ವಾದ್ಯಗಳ ಸ್ವರಗಳೂ ಒಟ್ಟಿಗಿರುವ ಪ್ರತಿ), ಮತ್ತು ರಿಹರ್ಸಲ್‌ನಲ್ಲಿ ನಿಜವಾಗಿ ಬಳಸುವ ಬಿಡಿ ಪಾರ್ಟ್‌ಗಳಲ್ಲಿ ಕನಿಷ್ಠ ನಾಲ್ಕು: ಮೊದಲ ಪಿಟೀಲು, ಮೊದಲ ಕೊಳಲು, ಮೊದಲ ಹಾರ್ನ್, ಟಿಂಪನಿ (ಆರ್ಕೆಸ್ಟ್ರಾದ ನಗಾರಿ). ಸ್ಕೋರ್ ಒಂದೇ ನೋಡಿದರೆ ಸಾಲದು. ಬಾಡಿಗೆ ಸೆಟ್‌ಗಳಲ್ಲಿ ಕಳೆದುಹೋದ ಪಾರ್ಟ್‌ನ ಜಾಗಕ್ಕೆ ಇನ್ನೊಂದು ಪ್ರಕಾಶನದ ಪಾರ್ಟ್ ಸೇರಿರುವುದು ಅಪರೂಪವಲ್ಲ.

ಎರಡು ಬಣ್ಣದ ಮೆತ್ತನೆಯ ಪೆನ್ಸಿಲ್ ಸಾಕು, ಪೆನ್ನು ಬೇಡ. ಬಾಡಿಗೆ ಪ್ರತಿಗಳ ಮೇಲೆ ಶಾಯಿಯಲ್ಲಿ ಬರೆದರೆ ದಂಡ ಬೀಳುತ್ತದೆ. ಸ್ಕ್ಯಾನ್ ಮಾಡಿದ ಪ್ರತಿಯಾದರೆ ಅನುಮಾನ ಬಂದ ಪುಟಗಳನ್ನು ದೊಡ್ಡದು ಮಾಡಿ ಎ3 ಹಾಳೆಯಲ್ಲಿ ಮುದ್ರಿಸಿಕೊಳ್ಳಿ. ಕಡಿಮೆ ಗುಣಮಟ್ಟದ ಸ್ಕ್ಯಾನ್‌ನಲ್ಲಿ ಫ್ಲಾಟ್ ಗುರುತು ಮಸಿಯ ಚುಕ್ಕೆಯಂತೆ ಕಾಣುತ್ತದೆ, ಮಸಿಯ ಚುಕ್ಕೆ ಸ್ಟಕಾಟೊ ಬಿಂದುವಿನಂತೆ ಕಾಣುತ್ತದೆ. ಜೊತೆಗೆ ಐದು ಅಂಕಣಗಳ ಒಂದು ಪಟ್ಟಿ ತಯಾರಿಸಿ: ಭಾಗ, ಬಾರ್ (ಎರಡು ನೆಟ್ಟಗೆರೆಗಳ ನಡುವಿನ ತಾಳದ ಅಳತೆ) ಸಂಖ್ಯೆ, ವಾದ್ಯ, ಪ್ರತಿ ಪ್ರತಿಯಲ್ಲೂ ಕಂಡದ್ದು, ನಿಮ್ಮ ಅನಿಸಿಕೆ. ಕೊನೆಯ ಅಂಕಣವನ್ನು ಆರನೆಯ ಹಂತದವರೆಗೆ ಖಾಲಿ ಬಿಡಿ. ಕಂಡದ್ದನ್ನು ಬರೆಯುವಾಗಲೇ ಕಾರಣವನ್ನೂ ಊಹಿಸತೊಡಗಿದರೆ ಕಣ್ಣು ಆ ಊಹೆಗೆ ಒಗ್ಗುವಂಥದ್ದನ್ನೇ ಹುಡುಕುತ್ತದೆ.

## ಹಂತ 1: ಮೂರು ಪಾಠಗಳನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ

ಮೊದಲ ಪಾಠ, 1875. ಮಾಸ್ಕೋದ ಯುರ್ಗೆನ್ಸನ್ ಪ್ರಕಾಶನ ಆ ವರ್ಷ ಆರ್ಕೆಸ್ಟ್ರಾ ಪಾರ್ಟ್‌ಗಳನ್ನೂ ಎರಡು-ಪಿಯಾನೋ ರೂಪವನ್ನೂ ಅಚ್ಚುಹಾಕಿತು. ಪೂರ್ಣ ಸ್ಕೋರ್ ಆಗ ಅಚ್ಚಾಗಲಿಲ್ಲ. ‘1875ರ ಅಚ್ಚಿನ ಸ್ಕೋರ್’ ಎಂದು ಯಾರಾದರೂ ಕೊಟ್ಟರೆ ಅದನ್ನು ಹಾಗೆಯೇ ನಂಬಬೇಡಿ.

ಎರಡನೆಯ ಪಾಠ, 1879. ಪೂರ್ಣ ಸ್ಕೋರ್ ಮೊದಲ ಬಾರಿಗೆ ಅಚ್ಚಾದದ್ದು ಈ ರೂಪದಲ್ಲಿ. ಬದಲಾವಣೆ ಬಹುಪಾಲು ಪಿಯಾನೋ ಬರವಣಿಗೆಯದು. 1876ರ ಮಾರ್ಚ್‌ನಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್‌ನಲ್ಲಿ ಇದನ್ನು ನುಡಿಸಿದ ಎಡ್ವರ್ಡ್ ಡ್ಯಾನ್‌ರಾಯ್ಟರ್ ಕೈಗೆ ಅನುಕೂಲವಾಗುವ ಸಲಹೆಗಳನ್ನು ಕಳಿಸಿದ್ದರು, ಚೈಕೊವ್‌ಸ್ಕಿ ಅವನ್ನು ಗಮನದಲ್ಲಿಟ್ಟುಕೊಂಡರು.

ಮೂರನೆಯ ಪಾಠ. ಇಂದು ಜಗತ್ತಿನಾದ್ಯಂತ ಕೇಳಿಬರುವುದು ಇದೇ. ಇದನ್ನು ಸಾಮಾನ್ಯವಾಗಿ 1880ರ ದಶಕದ ಕೊನೆಗೆ ಹಚ್ಚುತ್ತಾರೆ. ವಿವಾದ ಇರುವುದೂ ಇಲ್ಲೇ. ಮಾಸ್ಕೋ ಬಳಿಯ ಕ್ಲಿನ್‌ನಲ್ಲಿರುವ ಚೈಕೊವ್‌ಸ್ಕಿ ಮನೆ-ಸಂಗ್ರಹಾಲಯದ ಸಂಪಾದಕರ ವಾದದಂತೆ ಇದರ ಮುಖ್ಯ ಬದಲಾವಣೆಗಳು ಸಂಯೋಜಕರ ಕೈಯವಲ್ಲ. ಅವರ ಶಿಷ್ಯ ಅಲೆಕ್ಸಾಂಡರ್ ಸಿಲೋಟಿಯ ಪಾತ್ರದ ಕಡೆಗೆ ಅವರು ಬೆರಳು ತೋರಿಸುತ್ತಾರೆ. ಆ ವಾದಕ್ಕಿರುವ ದೊಡ್ಡ ಆಧಾರ ಇದು: ಸಾವಿಗೆ ಒಂಬತ್ತು ದಿನ ಮುಂಚೆ, 1893ರ ಅಕ್ಟೋಬರ್ 28ರಂದು ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಚೈಕೊವ್‌ಸ್ಕಿ ಈ ಕಾನ್ಚೆರ್ಟೊವನ್ನು ತಾವೇ ನಿರ್ದೇಶಿಸಿದಾಗ ಎದುರಿಗಿಟ್ಟುಕೊಂಡಿದ್ದ ಸ್ಕೋರ್ 1879ರ ಪಾಠದ್ದು.

ಇಲ್ಲೊಂದು ಎಚ್ಚರಿಕೆ. ಪಿಯಾನೋ ವಾದಕ ನಿಕೊಲಾಯ್ ರೂಬಿನ್‌ಸ್ಟೈನ್ ಕೃತಿಯನ್ನು ಕಟುವಾಗಿ ಟೀಕಿಸಿದಾಗ ‘ಒಂದು ಸ್ವರವನ್ನೂ ಬದಲಿಸುವುದಿಲ್ಲ’ ಎಂದು ಉತ್ತರಿಸಿದ್ದಾಗಿ ಚೈಕೊವ್‌ಸ್ಕಿ ಆಮೇಲೆ ಒಂದು ಪತ್ರದಲ್ಲಿ ಬರೆದದ್ದು ಬಹಳ ಪ್ರಸಿದ್ಧ. ಆ ಮಾತನ್ನೇ ಹಿಡಿದುಕೊಂಡು ‘ಹಾಗಾದರೆ ಬೇರೆ ಪಾಠವೇ ಇರಲಾರದು’ ಎನ್ನುವವರಿದ್ದಾರೆ. ಆ ಮಾತು 1874ರ ಕೊನೆಯ ಸಂದರ್ಭದ್ದು. 1879ರ ಅಚ್ಚು ಕಣ್ಣೆದುರಿಗೇ ಇದೆ.

## ಹಂತ 2: ಮುಖಪುಟ ಮುಚ್ಚಿ, ಕೊನೆಯ ಭಾಗ ತೆರೆಯಿರಿ

ಎಲ್ಲರೂ ಮೊದಲ ಪುಟದ ಕಾರ್ಡ್‌ಗಳನ್ನು (ಸ್ವರಗುಚ್ಛಗಳನ್ನು) ನೋಡಲು ಓಡುತ್ತಾರೆ, ಏಕೆಂದರೆ ಅದು ಕೃತಿಯ ಗುರುತಿನ ಚೀಟಿ. ಆದರೆ ಪಾಠಭೇದಗಳಲ್ಲಿ ಎರಡು ಜಾತಿ. ಒಂದು, ನಾದ ಮಾತ್ರ ಬದಲಾಗುವಂಥದು: ಕಾರ್ಡ್ ಹರಡಿ ನುಡಿಸುವುದೋ ಒಟ್ಟಿಗೋ, ಜೋರಾಗಿಯೋ ಮೆತ್ತಗೋ. ಎರಡು ಪಾಠ ಬೆರೆತರೂ ಇದರಿಂದ ವಾದನ ನಿಲ್ಲುವುದಿಲ್ಲ. ಇನ್ನೊಂದು, ಬಾರ್‌ಗಳ ಸಂಖ್ಯೆಯೇ ಬದಲಾಗುವಂಥದು. ಇದರಲ್ಲಿ ಬೆರೆತರೆ ರಿಹರ್ಸಲ್ ಮುರಿದುಬೀಳುತ್ತದೆ. ಮೊದಲು ಹಿಡಿಯಬೇಕಾದ್ದು ಎರಡನೆಯದನ್ನು.

ಈ ಕಾನ್ಚೆರ್ಟೊದಲ್ಲಿ ಅದು ಇರುವುದು ಮೂರನೆಯ ಭಾಗದಲ್ಲಿ. ಹಿಂದಿನ ಪಾಠಗಳಲ್ಲಿ ಫಿನಾಲೆಯ, ಅಂದರೆ ಈ ಕೊನೆಯ ಭಾಗದ, ಮಧ್ಯಭಾಗ ಉದ್ದವಿದೆ. ಸ್ವರಸಾಮರಸ್ಯದಲ್ಲಿ ಹೆಚ್ಚು ಅಲೆದಾಡುವ ಒಂದು ಹಾದಿ ಅಲ್ಲಿದೆ. ಮೂರನೆಯ ಪಾಠದಲ್ಲಿ ಅದನ್ನು ಕತ್ತರಿಸಲಾಗಿದೆ. ಪಿಯಾನೋ ಪ್ರತಿಯಲ್ಲಿ ಕತ್ತರಿ ಇದ್ದು ಆರ್ಕೆಸ್ಟ್ರಾ ಪಾರ್ಟ್‌ಗಳಲ್ಲಿ ಇಲ್ಲದಿದ್ದರೆ, ಅಥವಾ ಅದರ ತಿರುವುಮುರುವಾದರೆ, ಮೇಲೆ ಹೇಳಿದ ಅಪಘಾತ ಖಂಡಿತ.

ಮಾಡಬೇಕಾದ್ದು ಇಷ್ಟು. ಪಿಯಾನೋ ಪ್ರತಿ, ಸ್ಕೋರ್, ಮೊದಲ ಪಿಟೀಲು ಪಾರ್ಟ್, ಈ ಮೂರರಲ್ಲೂ ಫಿನಾಲೆಯ ಒಟ್ಟು ಬಾರ್‌ಗಳನ್ನು ಎಣಿಸಿ. ಬಾರ್ ಸಂಖ್ಯೆ ಅಚ್ಚಾಗಿದ್ದರೂ ನೀವೇ ಎಣಿಸಿ. ಹತ್ತು ಹತ್ತಕ್ಕೆ ಪೆನ್ಸಿಲ್ ಗುರುತು ಹಾಕುತ್ತಾ ಹೋಗಿ. ಬಿಡಿ ಪಾರ್ಟ್‌ಗಳಲ್ಲಿ ಹಲವು ಬಾರ್‌ಗಳ ಮೌನವನ್ನು ಒಂದೇ ಗೆರೆಯ ಮೇಲೆ ಅಂಕಿ ಬರೆದು ತೋರಿಸಿರುತ್ತಾರೆ, ಆ ಅಂಕಿಯನ್ನು ಕೂಡಿಸಲು ಮರೆಯಬೇಡಿ. ಮೂರೂ ಒಂದೇ ಮೊತ್ತ ಕೊಟ್ಟರೆ ಮುಂದಕ್ಕೆ ಹೋಗಿ. ಕೊಡದಿದ್ದರೆ ಮತ್ತೊಮ್ಮೆ ಎಣಿಸಿ, ಆಗಲೂ ಕೊಡದಿದ್ದರೆ ನಿಮ್ಮ ಸಮಸ್ಯೆ ಸಿಕ್ಕಿತು.

ವ್ಯತ್ಯಾಸ ಎಲ್ಲಿದೆ ಎಂದು ಹುಡುಕಲು ಹಿಂದಿನಿಂದ ಬನ್ನಿ. ಎರಡೂ ಪ್ರತಿಗಳ ಕೊನೆಯ ಬಾರ್‌ನಿಂದ ಹಿಂದಕ್ಕೆ ಹೋಲಿಸುತ್ತಾ ಬಂದರೆ ಎಲ್ಲಿ ಬೇರೆಯಾಗುತ್ತದೋ ಅದು ಕತ್ತರಿಯ ಕೊನೆಯ ಅಂಚು. ಮುಂದಿನಿಂದ ಹೋದಾಗ ಬೇರೆಯಾಗುವುದು ಮೊದಲ ಅಂಚು. ಅಂಚುಗಳ ಬಳಿ ಹೊಲಿಗೆ ಹಾಕಲು ಒಂದೆರಡು ಬಾರ್‌ಗಳನ್ನು ಹೊಸದಾಗಿ ಬರೆದಿರಬಹುದು. ಆದ್ದರಿಂದ ‘ಇಲ್ಲಿಂದ ಇಲ್ಲಿಗೆ ಹಾರಿ’ ಎಂದು ಪೆನ್ಸಿಲ್‌ನಲ್ಲಿ ಬರೆದು ತೇಪೆ ಹಾಕುವುದು ಎಲ್ಲ ಸಲವೂ ಕೆಲಸ ಮಾಡುವುದಿಲ್ಲ.

## ಹಂತ 3: ಈಗ ಮೊದಲ ಪುಟ

ಹಾರ್ನ್‌ಗಳ ಕೂಗಿನ ನಂತರ ಪಿಟೀಲು ಮತ್ತು ಚೆಲ್ಲೊಗಳು ಡಿ-ಫ್ಲಾಟ್ ಮೇಜರ್‌ನ ದೊಡ್ಡ ರಾಗವನ್ನು ಎತ್ತಿಕೊಳ್ಳುತ್ತವೆ. ಅದರ ಕೆಳಗೆ ಪಿಯಾನೋ ಏನು ಮಾಡುತ್ತಿದೆ ನೋಡಿ.

ಪ್ರತಿ ಬೀಟ್‌ಗೂ ಒಂದೊಂದು ದಪ್ಪ ಕಾರ್ಡ್, ಎರಡೂ ಕೈ ತುಂಬಾ ಸ್ವರ, ಕೀಲಿಮಣೆಯ ಕೆಳಗಿನಿಂದ ಮೇಲಕ್ಕೆ ಸಪ್ತಕದಿಂದ ಸಪ್ತಕಕ್ಕೆ ನೆಗೆತ, ಎಲ್ಲ ಸ್ವರಗಳೂ ಒಟ್ಟಿಗೆ: ಇದು ಮೂರನೆಯ ಪಾಠ. ಕಾರ್ಡ್‌ನ ಎಡಕ್ಕೆ ಮೇಲಿನಿಂದ ಕೆಳಕ್ಕೆ ಅಲೆಯಂಥ ಗೆರೆ ಇದ್ದರೆ ಅದು ಆರ್ಪೆಜಿಯೊ ಗುರುತು. ಕಾರ್ಡ್ ಅನ್ನು ವೀಣೆಯ ತಂತಿ ಮೀಟಿದಂತೆ ಕೆಳಗಿನಿಂದ ಮೇಲಕ್ಕೆ ಹರಡಿ ನುಡಿಸಬೇಕು. 1875 ಮತ್ತು 1879ರ ಪಾಠಗಳ ಗುರುತು ಇದು. ಅಲ್ಲಿ ನಾದದ ಪ್ರಮಾಣವೂ ಮೆತ್ತಗಿದೆ, ತಂತಿವಾದ್ಯಗಳ ರಾಗ ಮುಂದೆ ನಿಲ್ಲುತ್ತದೆ.

ಈ ಗುರುತನ್ನು ಎರಡನೆಯ ಹಂತದ ನಂತರವೇ ನೋಡಿ ಎಂದದ್ದಕ್ಕೆ ಕಾರಣವಿದೆ. ಮೊದಲ ಪುಟವನ್ನು ಯಾರೂ ಸುಲಭವಾಗಿ ಬದಲಿಸಿ ಅಂಟಿಸಬಹುದು. ಸಂಪಾದಕರೊಬ್ಬರು ಹಳೆಯ ಪಾಠದ ಪ್ರತಿಗೆ ಜನಪ್ರಿಯ ಕಾರ್ಡ್‌ಗಳನ್ನು ಸೇರಿಸಿರಬಹುದು, ವಾದಕರೊಬ್ಬರು ಮೂರನೆಯ ಪಾಠದ ಪ್ರತಿಯ ಮೇಲೆ ಅಲೆಗೆರೆ ಎಳೆದಿರಬಹುದು. ಸ್ಕ್ಯಾನ್‌ನಲ್ಲಿ ಆ ಕೈಬರಹ ಅಚ್ಚಿನಂತೆಯೇ ಕಾಣಬಹುದು. ಫಿನಾಲೆ ಒಂದು ಪಾಠವನ್ನೂ ಮೊದಲ ಪುಟ ಇನ್ನೊಂದನ್ನೂ ಹೇಳಿದರೆ ನಿಮ್ಮ ಕೈಯಲ್ಲಿರುವುದು ಕಲಬೆರಕೆ ಪ್ರತಿ. ಅಂಥದ್ದನ್ನು ಅಭ್ಯಾಸಕ್ಕೂ ಇಟ್ಟುಕೊಳ್ಳಬೇಡಿ.

1875 ಮತ್ತು 1879ನ್ನು ತಮ್ಮೊಳಗೆ ಬೇರ್ಪಡಿಸುವುದು ಇದಕ್ಕಿಂತ ಸೂಕ್ಷ್ಮ ಕೆಲಸ. ಆರ್ಕೆಸ್ಟ್ರಾದಿಂದ ಗೊತ್ತಾಗುವುದು ಕಡಿಮೆ, ಪಿಯಾನೋದ ದಟ್ಟ ಪುಟಗಳನ್ನೇ ನೋಡಬೇಕು. ಮೊದಲ ಭಾಗದಲ್ಲಿ ಆಕ್ಟೇವ್‌ಗಳ ಓಟ, ದೊಡ್ಡ ಕಾರ್ಡ್‌ಗಳ ಸಾಲು ಇರುವ ಆರು ಪುಟಗಳನ್ನು ಆರಿಸಿಕೊಂಡು ಪಕ್ಕಪಕ್ಕ ಇಟ್ಟು ಹೋಲಿಸಿ. ಗಮನಿಸಬೇಕಾದ್ದು: ಸ್ವರಗಳೇ ಬೇರೆಯೋ, ಅಥವಾ ಅವೇ ಸ್ವರಗಳನ್ನು ಎರಡು ಕೈಗಳಿಗೆ ಬೇರೆ ರೀತಿ ಹಂಚಿದೆಯೋ. ಹಂಚಿಕೆ ಮಾತ್ರ ಬೇರೆಯಾದರೆ ಪಟ್ಟಿಯಲ್ಲಿ ‘ಹಂಚಿಕೆ’ ಎಂದಷ್ಟೇ ಬರೆಯಿರಿ, ಕೇಳುಗರಿಗೆ ಅದು ಪಾಠಭೇದವಲ್ಲ.

## ಹಂತ 4: ಮುಖಪುಟ, ಪ್ಲೇಟ್ ಸಂಖ್ಯೆ, ದಿನಾಂಕ

ಒಳಗಿನ ಸಾಕ್ಷ್ಯ ಕೈಗೆ ಬಂದ ಮೇಲೆ ಹೊರಗಿನ ಸಾಕ್ಷ್ಯಕ್ಕೆ ಬನ್ನಿ. ಪ್ರತಿ ಪುಟದ ಕೆಳಗೆ ಚಿಕ್ಕದಾಗಿ ಅಚ್ಚಾಗಿರುವ ಅಂಕಿ ಪ್ಲೇಟ್ ಸಂಖ್ಯೆ, ಅಂದರೆ ಪ್ರಕಾಶಕರು ಲೋಹದ ಫಲಕಕ್ಕೆ ಕೊಟ್ಟ ಗುರುತು. ಅದು ಸಂಯೋಜಕರ ಪರಿಷ್ಕರಣೆಯ ಸಂಖ್ಯೆಯಲ್ಲ. ಫಲಕದ ಮೇಲೆ ಸ್ವರಗಳನ್ನು ತಿದ್ದಿ ಅದೇ ಸಂಖ್ಯೆಯಲ್ಲಿ ಮತ್ತೆ ಅಚ್ಚು ಹಾಕುವುದು ಆ ಕಾಲದ ರೂಢಿ. ಆದ್ದರಿಂದ ಒಂದೇ ಪ್ಲೇಟ್ ಸಂಖ್ಯೆಯ ಎರಡು ಪ್ರತಿಗಳಲ್ಲಿ ಎರಡು ಪಾಠ ಇರಬಹುದು. ಒಂದೇ ಪ್ರತಿಯ ಪುಟಗಳ ಕೆಳಗೆ ಎರಡು ಬೇರೆ ಪ್ಲೇಟ್ ಸಂಖ್ಯೆ ಕಂಡರೆ ಆ ಪುಟಗಳನ್ನು ಆಮೇಲೆ ಬದಲಿಸಲಾಗಿದೆ ಎಂಬ ಗುಮಾನಿ ಇಟ್ಟುಕೊಂಡು ಸ್ವರಸ್ವರ ಪರೀಕ್ಷಿಸಿ.

ಪ್ರಕಾಶಕರ ಹೆಸರೂ ಪಾಠವನ್ನು ಹೇಳುವುದಿಲ್ಲ. ಜರ್ಮನಿಯಲ್ಲಿ ಚೈಕೊವ್‌ಸ್ಕಿಯ ಕೃತಿಗಳನ್ನು ಹಾಂಬುರ್ಗ್‌ನ ರಾಟರ್ ಪ್ರಕಾಶನ ಹೊರತಂದಿತು, ಬೇರೆ ಹೆಸರಿನ ಮರುಮುದ್ರಣಗಳು ಆಮೇಲೆ ಬಂದವು. ಅಗ್ಗದ ಮರುಮುದ್ರಣದಲ್ಲಿ ಮೂಲ ಪ್ರಕಾಶಕರ ಹೆಸರನ್ನೂ ಇಸವಿಯನ್ನೂ ತೆಗೆದುಹಾಕಿರುವುದುಂಟು. ಅಲ್ಲಿ ಕಾಣುವ ಇಸವಿ ಮರುಮುದ್ರಣದ್ದು, ಪಾಠದ್ದಲ್ಲ. ಷಿರ್ಮರ್‌ನ ಎರಡು-ಪಿಯಾನೋ ಪ್ರತಿಯಂತೆ ವಿದ್ಯಾರ್ಥಿಗಳ ಕೈಯಲ್ಲಿ ಹೆಚ್ಚು ಓಡಾಡುವ ಪ್ರತಿಗಳು ಮೂರನೆಯ ಪಾಠದವು, ಬೆರಳಿನ ಸಂಖ್ಯೆಗಳನ್ನು ಸಂಪಾದಕರು ಸೇರಿಸಿರುತ್ತಾರೆ.

ದಿನಾಂಕದ ಬಲೆ ಒಂದಿದೆ. 19ನೆಯ ಶತಮಾನದ ರಷ್ಯ ಹಳೆಯ ಪಂಚಾಂಗವನ್ನು ಬಳಸುತ್ತಿತ್ತು, ಅದು ಪಶ್ಚಿಮದ್ದಕ್ಕಿಂತ 12 ದಿನ ಹಿಂದೆ. ಬಾಸ್ಟನ್‌ನಲ್ಲಿ ಹಾನ್ಸ್ ಫಾನ್ ಬ್ಯೂಲೊ ಮೊದಲ ಬಾರಿಗೆ ಇದನ್ನು ನುಡಿಸಿದ 1875ರ ಅಕ್ಟೋಬರ್ 25 ಪಶ್ಚಿಮದ ದಿನಾಂಕ. ಸೇಂಟ್ ಪೀಟರ್ಸ್‌ಬರ್ಗ್‌ನ ಮೊದಲ ವಾದನಕ್ಕೆ ಒಂದು ಕಡೆ ನವೆಂಬರ್ 1 ಎಂದೂ ಇನ್ನೊಂದು ಕಡೆ ನವೆಂಬರ್ 13 ಎಂದೂ ಕಂಡರೆ ಅವು ಎರಡು ಕಚೇರಿಗಳಲ್ಲ. ಪಟ್ಟಿಯಲ್ಲಿ ಯಾವ ಪಂಚಾಂಗದ ದಿನಾಂಕ ಎಂದು ಪ್ರತಿ ಬಾರಿಯೂ ನಮೂದಿಸಿ.

## ಹಂತ 5: ಮೂರೂ ಭಾಗಗಳ ಎಣಿಕೆ ಪಟ್ಟಿ

ಫಿನಾಲೆಯ ಎಣಿಕೆ ಮುಗಿದಿದೆ. ಅದೇ ರೀತಿ ಮೊದಲೆರಡು ಭಾಗಗಳನ್ನೂ ಎಣಿಸಿ, ಆದರೆ ಇಲ್ಲಿ ಒಟ್ಟು ಮೊತ್ತದ ಜೊತೆಗೆ ರಿಹರ್ಸಲ್ ಅಕ್ಷರಗಳ ಜಾಗವನ್ನೂ ಬರೆಯಿರಿ: ‘ಎ’ ಅಕ್ಷರ ಯಾವ ಬಾರ್‌ನಲ್ಲಿ, ‘ಬಿ’ ಯಾವುದರಲ್ಲಿ, ಹೀಗೆ. ಒಟ್ಟು ಮೊತ್ತ ಸರಿಯಿದ್ದೂ ಅಕ್ಷರಗಳು ಬೇರೆ ಬೇರೆ ಬಾರ್‌ಗಳ ಮೇಲೆ ಕುಳಿತಿದ್ದರೆ, ನಿರ್ದೇಶಕರು ‘ಡಿ ಯಿಂದ’ ಎಂದಾಗ ಅರ್ಧ ಆರ್ಕೆಸ್ಟ್ರಾ ಒಂದು ಕಡೆಯಿಂದ ಎತ್ತಿಕೊಳ್ಳುತ್ತದೆ, ಇನ್ನರ್ಧ ಬೇರೆ ಕಡೆಯಿಂದ.

ಪ್ರತಿ ಭಾಗದ ತಲೆಯ ಮೇಲಿನ ಲಯಸೂಚನೆಯನ್ನು ಅಕ್ಷರಶಃ ನಕಲು ಮಾಡಿ. ಎರಡನೆಯ ಭಾಗದ ನಡುವೆ ಬರುವ ವೇಗದ ಖಂಡದ ಸೂಚನೆಯನ್ನೂ ಬಿಡಬೇಡಿ, ಇಂದಿನ ಪ್ರತಿಗಳಲ್ಲಿ ಅಲ್ಲಿ ‘ಪ್ರೆಸ್ಟಿಸ್ಸಿಮೊ’ ಎಂದಿರುತ್ತದೆ. ಎರಡು ಪ್ರತಿಗಳಲ್ಲಿ ಸೂಚನೆ ಬೇರೆಯಾದರೆ ‘ಅರ್ಥ ಒಂದೇ ತಾನೆ’ ಎಂದು ಬಿಟ್ಟುಬಿಡಬೇಡಿ. ಲಯದ ಪದ ಬದಲಾದರೆ ವಾದನದ ಸ್ವಭಾವವೇ ಬದಲಾಗುತ್ತದೆ.

ಬಿಡಿ ಪಾರ್ಟ್‌ಗಳಲ್ಲಿ ಟಿಂಪನಿ ಬಹಳ ಉಪಯೋಗಿ. ನುಡಿಸುವುದು ಕಡಿಮೆ, ಮೌನ ಹೆಚ್ಚು, ಮೌನದ ಅಂಕಿಗಳನ್ನು ಬೇಗ ಕೂಡಿಸಬಹುದು. ಕತ್ತರಿ ಬಿದ್ದ ಜಾಗ ಮೌನದೊಳಗೆ ಇದ್ದರೆ ಆ ಅಂಕಿ ಕತ್ತರಿಯ ಉದ್ದದಷ್ಟೇ ಕಡಿಮೆಯಾಗಿರುತ್ತದೆ. ನಾಲ್ಕು ಪಾರ್ಟ್‌ಗಳಲ್ಲೂ ಅದೇ ವ್ಯತ್ಯಾಸ ಬಂದರೆ ಅದು ಪಾಠಭೇದ. ಒಂದರಲ್ಲಿ ಮಾತ್ರ ಬಂದರೆ ಅಚ್ಚಿನ ತಪ್ಪು, ಅಥವಾ ಆ ಪಾರ್ಟ್ ಬೇರೆ ಸೆಟ್‌ನಿಂದ ಬಂದದ್ದು.

## ಹಂತ 6: ಭೇದಗಳನ್ನು ಮೂರು ಗುಂಪು ಮಾಡಿ

ಕಂಡ ಪ್ರತಿ ವ್ಯತ್ಯಾಸವೂ ಪರಿಷ್ಕರಣೆಯಲ್ಲ. ಗುಂಪುಗಳು ಮೂರು: ಸಂಯೋಜಕರ ತಿದ್ದುಪಡಿ, ಅಚ್ಚಿನ ತಪ್ಪು, ಬೇರೆಯವರ ಸೇರ್ಪಡೆ. ಗ್ರಂಥಸಂಪಾದಕರ ಮಾತಿನಲ್ಲಿ ಹೇಳುವುದಾದರೆ ಪಾಠಾಂತರ, ಸ್ಖಾಲಿತ್ಯ, ಪ್ರಕ್ಷಿಪ್ತ.

ಅದಕ್ಕೆ ಮುಂಚೆ ಹುಸಿ ಭೇದಗಳನ್ನು ತೆಗೆದುಹಾಕಿ. ಸ್ಕೋರ್‌ನಲ್ಲಿ ಬಿ-ಫ್ಲಾಟ್ ಕ್ಲಾರಿನೆಟ್‌ಗೆ ಬರೆದ ಸ್ವರ ಕೇಳಿಸುವುದು ಒಂದು ಪೂರ್ಣ ಸ್ವರ ಕೆಳಗೆ. ಅಲ್ಲಿ ಎಫ್ ಬರೆದಿದ್ದರೆ ಕೇಳಿಸುವುದು ಇ-ಫ್ಲಾಟ್. ಎಫ್ ಹಾರ್ನ್‌ಗೆ ಸಿ ಬರೆದಿದ್ದರೆ ಕೇಳಿಸುವುದು ಅದರ ಕೆಳಗಿನ ಎಫ್. ಇದನ್ನು ಮರೆತು ಎರಡು-ಪಿಯಾನೋ ಪ್ರತಿಯೊಂದಿಗೆ ನೇರವಾಗಿ ಹೋಲಿಸಿದರೆ ಪಟ್ಟಿ ತುಂಬಾ ಸುಳ್ಳು ಭೇದಗಳೇ ತುಂಬುತ್ತವೆ. ಆಕ್ಟೇವ್ ಏರಿಸುವ ಚುಕ್ಕಿಗೆರೆ ಒಂದರಲ್ಲಿದ್ದು ಇನ್ನೊಂದರಲ್ಲಿ ಸ್ವರಗಳನ್ನೇ ಮೇಲೆ ಬರೆದಿದ್ದರೂ ಭೇದವೇನಿಲ್ಲ.

ಉಳಿದವುಗಳಲ್ಲಿ ಅತ್ಯಂತ ಕಾಡುವುದು ಎರಡನೆಯ ಭಾಗದ ಕೊಳಲಿನ ಸ್ವರ. ತಂತಿಗಳ ಪಿಟ್ಸಿಕಾಟೊ (ಬೆರಳಿನಿಂದ ಮೀಟುವುದು) ಮುಗಿದ ಮೇಲೆ ಕೊಳಲು ರಾಗವನ್ನು ಎ-ಫ್ಲಾಟ್, ಇ-ಫ್ಲಾಟ್, ಎಫ್, ಎ-ಫ್ಲಾಟ್ ಎಂದು ಶುರುಮಾಡುತ್ತದೆ. ಅದೇ ರಾಗ ಮುಂದೆ ಬಂದಾಗಲೆಲ್ಲ ಮೂರನೆಯ ಸ್ವರ ಎಫ್ ಅಲ್ಲ, ಅದಕ್ಕಿಂತ ಮೇಲಿನ ಬಿ-ಫ್ಲಾಟ್. ಕೊಳಲಿನ ಎಫ್ ಅಚ್ಚಿನ ತಪ್ಪಿರಬಹುದು ಎಂದು ಬ್ರಿಟಿಷ್ ಪಿಯಾನೋ ವಾದಕ ಸ್ಟೀಫನ್ ಹಫ್ ಸೂಚಿಸಿದ್ದಾರೆ.

ಇಲ್ಲಿ ಆತುರ ಬೇಡ. ‘ಉಳಿದೆಲ್ಲ ಕಡೆ ಬಿ-ಫ್ಲಾಟ್ ಇದೆ, ಆದ್ದರಿಂದ ಇಲ್ಲೂ ಅದೇ ಇರಬೇಕು’ ಎಂಬ ತರ್ಕ ಸಲೀಸು. ಆದರೆ ಅದೇ ತರ್ಕ ಎದುರು ದಿಕ್ಕಿಗೂ ಹರಿಯುತ್ತದೆ. ನಕಲು ಮಾಡುವವರ ಕೈ ಸಹಜವಾಗಿ ಪರಿಚಿತವಾದದ್ದನ್ನೇ ಬರೆಯುತ್ತದೆ, ವಿಚಿತ್ರವಾದದ್ದನ್ನು ಹೊಸದಾಗಿ ಹುಟ್ಟಿಸುವುದು ಕಡಿಮೆ. ಕ್ಲಿಷ್ಟಪಾಠವೇ ಮೂಲಕ್ಕೆ ಹತ್ತಿರ ಎಂಬ ಸಂಪಾದನಾ ನಿಯಮ ಹುಟ್ಟಿದ್ದು ಈ ಅನುಭವದಿಂದ. ಮೊದಲ ಸಲ ಸರಳವಾಗಿ ಹಾಡಿ, ಆಮೇಲೆ ಮೇಲಕ್ಕೆ ಚಾಚುವುದು ರಾಗದ ಉದ್ದೇಶವೇ ಇರಬಹುದು. ನಮ್ಮ ಸಲಹೆ: ಅಚ್ಚಾದ ಎಫ್ ಅನ್ನು ಉಳಿಸಿಕೊಳ್ಳಿ. ಬದಲಿಸುವುದೇ ಆದರೆ ನಿರ್ದೇಶಕರು, ಕೊಳಲು ವಾದಕರು, ಪಿಯಾನೋ ವಾದಕರು ಮೂವರೂ ಕೂತು ನಿರ್ಧರಿಸಿ, ಪಾರ್ಟ್ ಮೇಲೆ ಪೆನ್ಸಿಲ್‌ನಲ್ಲಿ ದಿನಾಂಕದೊಂದಿಗೆ ಬರೆಯಿರಿ. ಸದ್ದಿಲ್ಲದೆ ತಿದ್ದಿದ ಪಾರ್ಟ್ ಮುಂದಿನ ಆರ್ಕೆಸ್ಟ್ರಾಕ್ಕೆ ‘ಹೊಸ ಪಾಠ’ವಾಗಿ ಹೋಗುತ್ತದೆ.

ಉಳಿದವಕ್ಕೆ ಒರೆಗಲ್ಲುಗಳು ಸರಳ. ಒಂದೇ ಪ್ರತಿಯಲ್ಲಿ, ಒಂದೇ ವಾದ್ಯದಲ್ಲಿ, ಒಂದೇ ಸ್ವರ ಬೇರೆಯಾಗಿದ್ದು ಸುತ್ತಲಿನ ಕಾರ್ಡ್‌ಗೆ ಒಪ್ಪದಿದ್ದರೆ ಬಹುಪಾಲು ಅಚ್ಚಿನ ತಪ್ಪು. ಹಲವು ವಾದ್ಯಗಳಲ್ಲಿ ಒಟ್ಟಿಗೆ ಬದಲಾಗಿದ್ದು ಆ ಬದಲಾವಣೆ ಒಂದಕ್ಕೊಂದು ಹೊಂದುತ್ತಿದ್ದರೆ ಅದು ಬೇಕೆಂದೇ ಮಾಡಿದ ತಿದ್ದುಪಡಿ. ಬೆರಳಿನ ಸಂಖ್ಯೆ, ಪೆಡಲ್ ಗುರುತು, ಕಂಸದೊಳಗಿನ ನಾದಪ್ರಮಾಣ ಒಂದೇ ಪ್ರಕಾಶನದಲ್ಲಿ ಕಂಡರೆ ಸಂಪಾದಕರ ಸೇರ್ಪಡೆ. ಸ್ಲರ್ ಗೆರೆಗಳು ಎಲ್ಲಿ ಮುಗಿಯುತ್ತವೆ ಎಂಬುದರ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಹಳೆಯ ಅಚ್ಚುಗಳು ಅದರಲ್ಲಿ ತಮ್ಮೊಳಗೇ ಒಪ್ಪುವುದಿಲ್ಲ.

## ಹಂತ 7: ಧ್ವನಿಮುದ್ರಣವನ್ನು ಸಾಕ್ಷಿಯಾಗಿ ಬಳಸುವಾಗ

ಹೋಲಿಕೆಗೆ ಕಿರಿಲ್ ಗೆರ್ಸ್ಟೈನ್ ಅವರು ಜೇಮ್ಸ್ ಗ್ಯಾಫಿಗನ್ ನಿರ್ದೇಶನದಲ್ಲಿ ಬರ್ಲಿನ್‌ನ ಡಾಯ್ಚಸ್ ಸಿಂಫನಿ ಆರ್ಕೆಸ್ಟರ್ ಜೊತೆ ನುಡಿಸಿದ ಮುದ್ರಣವನ್ನು ಇಟ್ಟುಕೊಳ್ಳಿ. ಕ್ಲಿನ್ ಸಂಪಾದಕರು ಸಿದ್ಧಪಡಿಸಿದ 1879ರ ಪಾಠವನ್ನು ಆಧರಿಸಿ 2015ರಲ್ಲಿ ಬಂದದ್ದು ಅದು. ಹರಡಿದ ಕಾರ್ಡ್‌ಗಳೂ ಫಿನಾಲೆಯ ಉದ್ದನೆಯ ಮಧ್ಯಭಾಗವೂ ಅದರಲ್ಲಿ ಸ್ಪಷ್ಟವಾಗಿ ಕೇಳುತ್ತವೆ. ಪಕ್ಕದಲ್ಲಿ ಯಾವುದೇ ಪರಿಚಿತ ಮುದ್ರಣ ಇಟ್ಟು ಫಿನಾಲೆಯನ್ನು ಸ್ಕೋರ್ ಹಿಡಿದು ಕೇಳಿ.

ಒಟ್ಟು ನಿಮಿಷಗಳನ್ನು ಮಾತ್ರ ಹೋಲಿಸಬೇಡಿ. ವಾದಕರಿಂದ ವಾದಕರಿಗೆ ಲಯ ಎಷ್ಟು ಬದಲಾಗುತ್ತದೆಂದರೆ ಕೆಲವು ಬಾರ್‌ಗಳ ವ್ಯತ್ಯಾಸ ಅದರೊಳಗೆ ಮುಳುಗಿಹೋಗುತ್ತದೆ. ಹೊದಿಕೆಯ ಮೇಲೆ ‘ಮೂಲ ಆವೃತ್ತಿ’ ಎಂದಿದ್ದರೆ ಅದು 1875ರದೋ 1879ರದೋ ಎಂದು ಕೇಳಿ. ಇವೆರಡಕ್ಕೂ ಆ ಹೆಸರು ಸಲ್ಲುತ್ತಿದೆ.

## ಹಂತ 8: ಒಂದು ಪಾಠ ಆರಿಸಿ, ಎಲ್ಲರನ್ನೂ ಅದಕ್ಕೆ ತನ್ನಿ

ಸ್ಪರ್ಧೆ, ಪರೀಕ್ಷೆ, ಅತಿಥಿ ಆರ್ಕೆಸ್ಟ್ರಾ ಇದ್ದರೆ ಮೂರನೆಯ ಪಾಠ. ಅವರ ಬಳಿ ಇರುವ ಪಾರ್ಟ್‌ಗಳು ಅದರವೇ. ಬೆಂಗಳೂರಿನಲ್ಲಿ ಹಲವರು ಮಾಡುವಂತೆ ಎರಡು ಪಿಯಾನೋಗಳಲ್ಲಿ ನುಡಿಸುವುದಾದರೆ ನಿಮಗೆ ಸ್ವಾತಂತ್ರ್ಯ ಹೆಚ್ಚು: ಇಬ್ಬರೂ ಒಂದೇ ಪ್ರಕಾಶನದ ಒಂದೇ ಪ್ರತಿಯಿಂದ ನುಡಿಸಿದರೆ ಸಾಕು, 1879ನ್ನೂ ಆರಿಸಬಹುದು. ಆರ್ಕೆಸ್ಟ್ರಾದೊಂದಿಗೆ 1879 ನುಡಿಸಬೇಕಾದರೆ ಸ್ಕೋರ್, ಪಾರ್ಟ್, ಪಿಯಾನೋ ಪ್ರತಿ ಮೂರನ್ನೂ ಒಂದೇ ಸೆಟ್ ಆಗಿ ತರಿಸಿ, ಪಿಯಾನೋ ಪ್ರತಿಯನ್ನು ಮಾತ್ರ ಬದಲಿಸಿಕೊಂಡು ಹೋಗಬೇಡಿ. ಸಂಯೋಜಕರು ತೀರಿಕೊಂಡು 60 ವರ್ಷಗಳ ಮೇಲೆ ಭಾರತದಲ್ಲಿ ಹಕ್ಕು ಮುಗಿಯುತ್ತದೆ, ಆದ್ದರಿಂದ ಚೈಕೊವ್‌ಸ್ಕಿಯ ಹಳೆಯ ಅಚ್ಚುಗಳಿಗೆ ಅಡ್ಡಿಯಿಲ್ಲ. ಹೊಸ ಸಂಪಾದನೆಯ ಬಾಡಿಗೆ ಪಾರ್ಟ್‌ಗಳಿಗೆ ಮಾತ್ರ ಕರಾರಿನ ಷರತ್ತುಗಳಿರುತ್ತವೆ, ಫೋಟೊಕಾಪಿ ಮಾಡುವ ಮುನ್ನ ಓದಿ.

1879ರ ಫಿನಾಲೆಗೆ ಮೂರನೆಯ ಪಾಠದ ಆರಂಭದ ಕಾರ್ಡ್‌ಗಳನ್ನು ಜೋಡಿಸುವ ಆಸೆ ಬಹಳ ಜನರಿಗೆ ಬರುತ್ತದೆ. ಬೇಡ. ಹರಡಿದ ಕಾರ್ಡ್‌ಗಳಿದ್ದಾಗ ತಂತಿವಾದ್ಯಗಳು ಒಂದು ಪ್ರಮಾಣದಲ್ಲಿ ನುಡಿಸುತ್ತವೆ, ದಪ್ಪ ಕಾರ್ಡ್‌ಗಳಿದ್ದಾಗ ಅದೇ ಪ್ರಮಾಣ ಕೇಳಿಸುವುದೇ ಇಲ್ಲ. ಒಂದು ಕಡೆ ಬದಲಿಸಿದರೆ ಇನ್ನೊಂದು ಕಡೆಯ ತೂಕ ತಪ್ಪುತ್ತದೆ.

ಆರಿಸಿದ ಮೇಲೆ ಎಲ್ಲ ಪಾರ್ಟ್‌ಗಳಿಗೂ ಐದು ಬಾರ್‌ಗೊಮ್ಮೆ ಸಂಖ್ಯೆ ಹಾಕಿ. ಎತ್ತುಗಡೆಯ ಅರೆಬಾರ್ ಇದ್ದಲ್ಲಿ ಅದನ್ನು ಎಣಿಸುವುದಿಲ್ಲ ಎಂಬ ಒಂದೇ ನಿಯಮ ಎಲ್ಲರಿಗೂ ಇರಲಿ. ಅಕ್ಷರಗಳು ಹೊಂದದಿದ್ದರೆ ಅವನ್ನು ಹೊಡೆದುಹಾಕಿ ಸಂಖ್ಯೆಗಳನ್ನೇ ಬಳಸಿ. ಮೊದಲ ರಿಹರ್ಸಲ್‌ಗೆ ಕನಿಷ್ಠ ಎರಡು ವಾರ ಮುಂಚೆ ನಿರ್ದೇಶಕರಿಗೆ ಮೂರು ಸಾಲು ಬರೆದು ಕಳಿಸಿ: ಯಾವ ಪಾಠ, ಪ್ರತಿ ಭಾಗದ ಬಾರ್‌ಗಳ ಮೊತ್ತ, ಕೊಳಲಿನ ಸ್ವರದ ಬಗ್ಗೆ ನಿರ್ಧಾರ.

## ಅಪಾಯದ ಸೂಚನೆಗಳು

ಫಿನಾಲೆಯಲ್ಲಿ ಒಂದೇ ಜಾಗದಲ್ಲಿ ಪದೇಪದೇ ಜಾರುತ್ತಿದ್ದರೆ ಅಭ್ಯಾಸ ನಿಲ್ಲಿಸಿ ಎಣಿಸಿ. ಪಾರ್ಟ್‌ನಲ್ಲಿ ಹಳೆಯ ಪೆನ್ಸಿಲ್ ಬರಹದಲ್ಲಿ ‘ಬಿಡಿ’, ‘ಹಾರಿ’ ಎಂಬ ಗುರುತುಗಳಿದ್ದರೆ ಆ ಸೆಟ್ ಹಿಂದೆ ಬೇರೆ ಪಾಠಕ್ಕೆ ಬಳಕೆಯಾಗಿದೆ. ಸ್ಕ್ಯಾನ್ ಪ್ರತಿಯಲ್ಲಿ ಪುಟಸಂಖ್ಯೆ ಹಾರಿದ್ದರೆ ಕತ್ತರಿ ಎಂದು ನಂಬುವ ಮೊದಲು ಪುಟವೇ ಕಾಣೆಯಾಗಿದೆಯೇ ನೋಡಿ. ಈ ಕೊನೆಯ ತಪ್ಪಿನಿಂದ ಎರಡು ದಿನದ ಕೆಲಸ ಪೂರ್ತಿ ವ್ಯರ್ಥವಾಗಬಹುದು.

## ಇದೇ ಕ್ರಮ ಬೇರೆ ಕೃತಿಗಳಿಗೆ

ಚೈಕೊವ್‌ಸ್ಕಿಯ ಎರಡನೆಯ ಕಾನ್ಚೆರ್ಟೊದಲ್ಲಿ (ಜಿ ಮೇಜರ್, ಓಪಸ್ 44) ಮುಖಪುಟವನ್ನು ಕೊನೆಗೆ ನೋಡಿ ಎಂಬ ನಿಯಮಕ್ಕೆ ಇನ್ನೂ ಬಲವಾದ ಕಾರಣವಿದೆ. 1897ರಲ್ಲಿ, ಸಂಯೋಜಕರ ಮರಣಾನಂತರ, ಯುರ್ಗೆನ್ಸನ್ ಹೊರತಂದ ಸಿಲೋಟಿಯ ಪ್ರತಿ ತಾನು ಲೇಖಕರ ಸೂಚನೆಯಂತೆ ಪರಿಷ್ಕರಿಸಿ ಕಿರಿದುಗೊಳಿಸಿದ್ದು ಎಂದು ಹೇಳಿಕೊಳ್ಳುತ್ತದೆ. ಆದರೆ ಸಿಲೋಟಿ ಮುಂದಿಟ್ಟ ದೊಡ್ಡ ಕತ್ತರಿಗಳಿಗೆ ಚೈಕೊವ್‌ಸ್ಕಿ ಒಪ್ಪಿರಲಿಲ್ಲ. ಪರೀಕ್ಷೆ ಎರಡನೆಯ ಭಾಗದಲ್ಲಿ: ಮೂಲದಲ್ಲಿ ಒಂಟಿ ಪಿಟೀಲು ಮತ್ತು ಒಂಟಿ ಚೆಲ್ಲೊ ಪಿಯಾನೋದೊಂದಿಗೆ ಸರಿಸಮನಾಗಿ ದೀರ್ಘವಾಗಿ ಹಾಡುತ್ತವೆ, ಸಿಲೋಟಿಯ ಪ್ರತಿಯಲ್ಲಿ ಅವುಗಳ ಪಾಲು ಬಹಳಷ್ಟು ಕತ್ತರಿಸಿಹೋಗಿದೆ. ಆ ಇಬ್ಬರ ಪಾರ್ಟ್‌ಗಳನ್ನು ತೆರೆದರೆ ಒಂದೇ ನಿಮಿಷದಲ್ಲಿ ಉತ್ತರ ಸಿಗುತ್ತದೆ.

ರಾಖ್‌ಮಾನಿನೊವ್‌ನ ನಾಲ್ಕನೆಯ ಕಾನ್ಚೆರ್ಟೊದಲ್ಲಿ (ಜಿ ಮೈನರ್, ಓಪಸ್ 40) ಮೂರೂ ಪಾಠ ಸಂಯೋಜಕರದೇ: 1926ರ ಹಸ್ತಪ್ರತಿ, 1928ರ ಅಚ್ಚು, 1941ರ ಪರಿಷ್ಕರಣೆ. ಪ್ರತಿ ಸಲವೂ ಅವರು ಇನ್ನಷ್ಟು ಕಿರಿದು ಮಾಡಿದರು, ಕತ್ತರಿಯ ಭಾರ ಹೆಚ್ಚಾಗಿ ಫಿನಾಲೆಯ ಮೇಲೆ ಬಿತ್ತು. ಅಲ್ಲಿ ಪ್ರಕ್ಷಿಪ್ತದ ಪ್ರಶ್ನೆ ಇಲ್ಲ, ಆದ್ದರಿಂದ ಆರನೆಯ ಹಂತ ಹಗುರ, ಎರಡನೆಯ ಮತ್ತು ಐದನೆಯ ಹಂತಗಳು ಭಾರ. ಹೋಲಿಕೆಗೆ 1941ರ ಡಿಸೆಂಬರ್‌ನಲ್ಲಿ ಯೂಜಿನ್ ಓರ್ಮಂಡಿ ನಿರ್ದೇಶನದಲ್ಲಿ ಅವರೇ ನುಡಿಸಿದ ಮುದ್ರಣವಿದೆ, ಅದು ಕೊನೆಯ ಪಾಠ. 1926ರ ಹಸ್ತಪ್ರತಿಯ ಪಾಠ ಬಳಕೆಗೆ ಬಂದದ್ದು ಸುಮಾರು 2000ದ ಹೊತ್ತಿಗೆ. ಅದಕ್ಕೂ ಹಿಂದಿನ ಹೊದಿಕೆಯ ಮೇಲೆ ‘ಮೂಲ’ ಎಂದಿದ್ದರೆ 1928ರ ಅಚ್ಚಿನ ಬಾರ್‌ಗಳೊಂದಿಗೆ ಮೊದಲು ಹೋಲಿಸಿ.